ಅನಿಲ ನಿಯಮದ ಲೆಕ್ಕ ತಪ್ಪಿತೇ? ತಪ್ಪು ಉತ್ತರವನ್ನೇ ಹಿಡಿದು ಕಾರಣ ಹುಡುಕಿ

ಅನಿಲ ನಿಯಮದ ಲೆಕ್ಕದಲ್ಲಿ ಉತ್ತರ ತಪ್ಪಾದರೆ ಹೆಚ್ಚಿನ ಮಕ್ಕಳು ಮಾಡುವುದು ಒಂದೇ ಕೆಲಸ. ಇಡೀ ಲೆಕ್ಕಕ್ಕೆ ಅಡ್ಡಗೆರೆ ಎಳೆದು ಮೊದಲಿನಿಂದ ಮತ್ತೆ ಬಿಡಿಸುತ್ತಾರೆ. ಎರಡನೇ ಸಲವೂ ಅದೇ ಜಾಗದಲ್ಲಿ ಎಡವಿ ಅದೇ ಉತ್ತರಕ್ಕೆ ಬಂದು ನಿಲ್ಲುತ್ತಾರೆ. ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವ ನನ್ನ ಕಿವಿಗೆ ದಿನಾ ಬೀಳುವ ಮಾತು ಇದು: "ಸರ್, ಎಷ್ಟು ಸಲ ಮಾಡಿದ್ರೂ ಕೀ ಆನ್ಸರ್ ಬರವಲ್ದ್ರಿ."

ಆ ತಪ್ಪು ಉತ್ತರವನ್ನು ಅಳಿಸಬೇಡಿ. ಅದನ್ನು ಕೀ ಉತ್ತರದಿಂದ, ಅಂದರೆ ಪುಸ್ತಕ ಕೊಟ್ಟ ಸರಿ ಉತ್ತರದಿಂದ, ಭಾಗಿಸಿ. ಬರುವ ಸಂಖ್ಯೆಯಲ್ಲೇ ತಪ್ಪಿನ ಗುರುತು ಇರುತ್ತದೆ. ಯಾಕೆಂದರೆ ಈ ಪಾಠದ ಲೆಕ್ಕಗಳು ಬಹುಪಾಲು ಬರೀ ಗುಣಾಕಾರ, ಭಾಗಾಕಾರ. ಒಂದು ಕಡೆ ಸಾವಿರ ಪಟ್ಟು ತಪ್ಪಿದರೆ ಉತ್ತರವೂ ಸಾವಿರ ಪಟ್ಟು ತಪ್ಪುತ್ತದೆ. ತಪ್ಪು ನಡುವೆ ಎಲ್ಲೂ ಕರಗಿ ಹೋಗುವುದಿಲ್ಲ.

ಮುಂದೆ ಒತ್ತಡಕ್ಕೆ ಪಿ, ಗಾತ್ರಕ್ಕೆ ವಿ, ಮೋಲ್‌ಗಳ ಸಂಖ್ಯೆಗೆ ಎನ್, ತಾಪಮಾನಕ್ಕೆ ಟಿ, ಅನಿಲ ಸ್ಥಿರಾಂಕಕ್ಕೆ ಆರ್ ಎಂದು ಬರೆಯುತ್ತೇನೆ. ಪಕ್ಕದಲ್ಲಿ 1 ಇದ್ದರೆ ಮೊದಲಿನ ಸ್ಥಿತಿ, 2 ಇದ್ದರೆ ಬದಲಾದ ಮೇಲಿನದ್ದು.

ಸೂತ್ರ ಒಂದೇ ಸಾಕು

ಬಾಯ್ಲ್ ತನ್ನ ನಿಯಮವನ್ನು ಪ್ರಕಟಿಸಿದ್ದು 1662ರಲ್ಲಿ. ಚಾರ್ಲ್ಸ್ 1787ರ ಸುಮಾರಿಗೆ ಮಾಡಿದ ಪ್ರಯೋಗಗಳು ಬೆಳಕಿಗೆ ಬಂದದ್ದು 1802ರಲ್ಲಿ, ಗೇ-ಲುಸಾಕ್ ಬರೆದಾಗ. ಅವೊಗಾಡ್ರೊ ಮಾತು 1811ರದ್ದು. 1834ರಲ್ಲಿ ಕ್ಲಾಪೆರಾನ್ ಇವನ್ನೆಲ್ಲ ಒಂದೇ ಸಮೀಕರಣಕ್ಕೆ ತಂದ. ಅವನು ಕೂಡಿಸಿಟ್ಟದ್ದನ್ನು ನಾವು ಮತ್ತೆ ಬಿಡಿಸಿ ನಾಲ್ಕು ಸೂತ್ರ ಬಾಯಿಪಾಠ ಮಾಡುತ್ತೇವೆ. ಆಮೇಲೆ ಯಾವ ಲೆಕ್ಕಕ್ಕೆ ಯಾವುದು ಅಂತ ಪರದಾಡುತ್ತೇವೆ. ಇದೊಂದನ್ನು ಬರೆದುಕೊಳ್ಳಿ:

ಪಿ1 × ವಿ1 ÷ (ಎನ್1 × ಟಿ1) = ಪಿ2 × ವಿ2 ÷ (ಎನ್2 × ಟಿ2)

ಪ್ರಶ್ನೆಯಲ್ಲಿ ಯಾವುದು ಬದಲಾಗಿಲ್ಲವೋ ಅದನ್ನು ಎರಡೂ ಕಡೆ ಹೊಡೆದು ಹಾಕಿ. ಹಿಗ್ಗದ, ಕುಗ್ಗದ ಪಾತ್ರೆ ಎಂದರೆ ವಿ ಹೋಯಿತು. ಮುಚ್ಚಿದ ಪಾತ್ರೆ ಎಂದರೆ ಎನ್ ಹೋಯಿತು. ಸರಾಗ ಜಾರುವ ಪಿಸ್ಟನ್ ಇದ್ದು ಹೊರಗಿನ ಒತ್ತಡ ಬದಲಾಗದಿದ್ದರೆ ಪಿ ಹೋಯಿತು. ಉಳಿದದ್ದೇ ನಿಮಗೆ ಬೇಕಾದ ನಿಯಮ. ಅದಕ್ಕೆ ಬಾಯ್ಲ್ ಹೆಸರೋ ಚಾರ್ಲ್ಸ್ ಹೆಸರೋ ಅನ್ನುವುದು ಎರಡು ಅಂಕದ ಥಿಯರಿ ಪ್ರಶ್ನೆಗೆ ಮಾತ್ರ ಬೇಕು.

ಉತ್ತರ ಯಾವ ಕಡೆ ಹೋಗಿದೆ ನೋಡಿ

ಭಾಗಿಸುವುದಕ್ಕೂ ಮೊದಲು ಒಂದು ನೋಟ ಹಾಯಿಸಿ. ಕಾಯಿಸಿದರೆ ಬಲೂನು ಹಿಗ್ಗಬೇಕು. ಒತ್ತಿದರೆ ಗಾತ್ರ ಕುಗ್ಗಬೇಕು. ಉತ್ತರ ಉಲ್ಟಾ ಕಡೆ ಹೋಗಿದ್ದರೆ ಬಹುಪಾಲು ಭಿನ್ನರಾಶಿ ತಲೆಕೆಳಗಾಗಿದೆ.

ಉದಾಹರಣೆ ನೋಡಿ. ಎಸಿ ಇರುವ ಕೋಣೆಯಲ್ಲಿ 27 ಡಿಗ್ರಿ ಸೆಲ್ಸಿಯಸ್. ಅಲ್ಲಿ 2 ಲೀಟರ್ ಇರುವ ಬಲೂನನ್ನು ಮೇ ತಿಂಗಳ ಕಲಬುರಗಿ ಬಿಸಿಲಿಗೆ, 42 ಡಿಗ್ರಿಗೆ, ಒಯ್ದೆವು. ಒತ್ತಡ ಅಷ್ಟೇ ಇದೆ ಅಂದುಕೊಳ್ಳಿ. ಸೆಲ್ಸಿಯಸ್ಸಿಗೆ 273 ಕೂಡಿಸಿ ಕೆಲ್ವಿನ್ ಮಾಡಿದರೆ 300 ಮತ್ತು 315. ಸರಿ ಉತ್ತರ 2 × 315 ÷ 300 = 2.10 ಲೀಟರ್. ಭಿನ್ನರಾಶಿ ತಿರುವಿದರೆ 1.905 ಬರುತ್ತದೆ. 1.905ನ್ನು 2.10ರಿಂದ ಭಾಗಿಸಿದರೆ 0.907. ಇದು 300 ÷ 315ರ ವರ್ಗ. ತಲೆಕೆಳಗಾದ ಭಿನ್ನರಾಶಿ ಯಾವಾಗಲೂ ಹೀಗೇ ಸಿಕ್ಕಿಬೀಳುತ್ತದೆ: ನಿಮ್ಮ ಉತ್ತರಕ್ಕೂ ಕೀ ಉತ್ತರಕ್ಕೂ ಇರುವ ಅನುಪಾತ ಪ್ರಶ್ನೆಯಲ್ಲಿ ಕೊಟ್ಟ ಅನುಪಾತದ ವರ್ಗವಾಗಿರುತ್ತದೆ.

ಕೆಲ್ವಿನ್ ತಂಟೆ

ಅತಿ ಹೆಚ್ಚು ಅಂಕ ತಿನ್ನುವುದು ಇದು. ಅದೇ ಬಲೂನಿಗೆ ಸೆಲ್ಸಿಯಸ್ಸನ್ನೇ ಹಾಕಿದರೆ 2 × 42 ÷ 27 = 3.11 ಲೀಟರ್. ಎಸಿ ಕೋಣೆಯಿಂದ ಅಂಗಳಕ್ಕೆ ಬಂದ ಬಲೂನು ಒಂದೂವರೆ ಪಟ್ಟು ಹಿಗ್ಗುತ್ತದಾ? ಹಾಗಾಗುವುದಿದ್ದರೆ ಶರಣಬಸವೇಶ್ವರ ಜಾತ್ರೆಯಲ್ಲಿ ಮಾರುವ ಬಲೂನು ಮಧ್ಯಾಹ್ನದೊಳಗೆ ಒಂದೂ ಉಳಿಯುತ್ತಿರಲಿಲ್ಲ. ನಾವು ಬದುಕುವ ತಾಪಮಾನಗಳ ನಡುವೆ ಅನಿಲದ ಗಾತ್ರ ಬದಲಾಗುವುದು ನೂರಕ್ಕೆ ಐದೋ ಹತ್ತೋ ಪಾಲು ಅಷ್ಟೇ. ಅದಕ್ಕಿಂತ ಜಾಸ್ತಿ ಬಂದರೆ ಕೆಲ್ವಿನ್ ಮರೆತಿದ್ದೀರಿ ಎಂದು ಕಣ್ಣು ಮುಚ್ಚಿ ಹೇಳಬಹುದು. ಇನ್ನೊಂದು ಮಾತು. ಆಯ್ಕೆ ಕೊಡುವ ಪರೀಕ್ಷೆಗಳಲ್ಲಿ 3.11 ಕೂಡ ಒಂದು ಆಯ್ಕೆಯಾಗಿ ಕೂತಿರುತ್ತದೆ. ಪ್ರಶ್ನೆ ತೆಗೆಯುವವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತು. "ಆಪ್ಶನ್‌ನಾಗ ಅದ, ಅಂದ್ರ ಕರೆಕ್ಟ್" ಅನ್ನುವ ಧೈರ್ಯ ಬೇಡ.

ಕೆಲ್ವಿನ್ ಗೊತ್ತಿರುವವರು ಬೀಳುವ ಗುಂಡಿ ಬೇರೆ ಇದೆ. ಅದೇ ಲೆಕ್ಕವನ್ನು "ತಾಪಮಾನ 15 ಡಿಗ್ರಿ ಏರಿದರೆ" ಎಂದು ಕೊಟ್ಟಾಗ ಸೇಡಂ ಕಡೆಯಿಂದ ಬರುವ ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ ಇದ್ದದ್ದು ಹೀಗೆ:

ಟಿ1 = 27 + 273 = 300
ಟಿ2 = 15 + 273 = 288
ವಿ2 = 2 × 288 ÷ 300 = 1.92 ಲೀಟರ್

ಎಲ್ಲ ಸಾಲೂ ಅಚ್ಚುಕಟ್ಟು. ಕೆಳಗೆ ಎರಡು ಗೆರೆ ಎಳೆದು ಉತ್ತರಕ್ಕೆ ಡಬ್ಬಿ ಕೂಡ ಹಾಕಿದ್ದಳು. "ಬಿಸಿ ಮಾಡಿದ್ರ ಬಲೂನ್ ಸಣ್ಣದು ಆತೇನವಾ?" ಅಂದೆ. ತಕ್ಷಣ ಎರಡನೇ ಸಾಲಿನ ಮೇಲೆ ಬೆರಳಿಟ್ಟಳು. ತಾಪಮಾನಕ್ಕೆ 273 ಕೂಡಿಸಬೇಕು, ತಾಪಮಾನದ ಏರಿಕೆಗೆ ಕೂಡಿಸಬಾರದು. 15 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಲ್ವಿನ್‌ನಲ್ಲೂ ಏರಿದ್ದು 15 ಮಾತ್ರ. ಟಿ2 ಆಗಬೇಕಾದದ್ದು 300 + 15 = 315.

"ಗಾತ್ರ ಎರಡು ಪಟ್ಟು ಆಗಬೇಕಾದರೆ 27 ಡಿಗ್ರಿಯಿಂದ ಎಷ್ಟಕ್ಕೆ ಏರಿಸಬೇಕು" ಅನ್ನುವ ಪ್ರಶ್ನೆಗೆ 54 ಬರೆಯುವವರೂ ಇದ್ದಾರೆ. 300ರ ಎರಡು ಪಟ್ಟು 600 ಕೆಲ್ವಿನ್, ಅಂದರೆ 327 ಡಿಗ್ರಿ ಸೆಲ್ಸಿಯಸ್. ಇಲ್ಲಿ 600 ಎಂದು ಬರೆದು ನಿಲ್ಲಿಸಿ, ಪ್ರಶ್ನೆ ಸೆಲ್ಸಿಯಸ್‌ನಲ್ಲಿ ಕೇಳಿದ್ದನ್ನು ಮರೆಯುವುದೂ ಉಂಟು. ಈ ತಪ್ಪಿಗೆ ಭಾಗಾಕಾರ ಬೇಡ, ಕಳೆದು ನೋಡಿ. ವ್ಯತ್ಯಾಸ ಸರಿಯಾಗಿ 273 ಬಂದರೆ ಮುಗಿಯಿತು.

101, 760, 1000: ಆರ್ ಜತೆ ಯೂನಿಟ್ ಕೂಡಲಿಲ್ಲ

ಮೇಲಿನ ಸೂತ್ರದ ಒಂದೊಂದು ಕಡೆಯ ಬೆಲೆಯೇ ಆರ್. ಪ್ರಶ್ನೆಯಲ್ಲಿ ಒಂದೇ ಸ್ಥಿತಿ ಇದ್ದರೆ ಅದನ್ನೇ ಪಿವಿ = ಎನ್ಆರ್‌ಟಿ ಎಂದು ಬರೆಯುತ್ತೇವೆ. ಇದನ್ನು ಹಾಕುವ ಲೆಕ್ಕಗಳ ರೋಗ ಬಹುಪಾಲು ಆರ್ ಹತ್ತಿರವೇ ಇರುತ್ತದೆ. 8 ಗ್ರಾಂ ಆಕ್ಸಿಜನ್, 5 ಲೀಟರ್ ಪಾತ್ರೆ, 27 ಡಿಗ್ರಿ ಸೆಲ್ಸಿಯಸ್. ಒತ್ತಡ ಎಷ್ಟು? ಆಕ್ಸಿಜನ್ನಿನ ಒಂದು ಮೋಲ್ ಅಂದರೆ 32 ಗ್ರಾಂ, ಹಾಗಾಗಿ ಮೋಲ್ 8 ÷ 32 = 0.25. ಆರ್ 0.0821 ಹಾಕಿದರೆ

ಪಿ = 0.25 × 0.0821 × 300 ÷ 5 = 1.23 ಅಟ್ಮಾಸ್ಫಿಯರ್

ಆರ್ 8.314 ಹಾಕಿದವರಿಗೆ 124.7 ಬರುತ್ತದೆ. ಭಾಗಿಸಿದರೆ ಹತ್ತಿರ ಹತ್ತಿರ 101.3. ನಿಜ ಹೇಳಬೇಕೆಂದರೆ 124.7 ತಪ್ಪು ಸಂಖ್ಯೆಯೇ ಅಲ್ಲ. 8.314ರ ಜತೆ ಗಾತ್ರವನ್ನು ಲೀಟರ್‌ನಲ್ಲಿ ಹಾಕಿದರೆ ಒತ್ತಡ ಕಿಲೋಪಾಸ್ಕಲ್‌ನಲ್ಲಿ ಬರುತ್ತದೆ. ಅದರ ಮುಂದೆ "ಅಟ್ಮಾಸ್ಫಿಯರ್" ಎಂದು ಬರೆದದ್ದು ತಪ್ಪು. "ಪಾಸ್ಕಲ್" ಎಂದು ಬರೆದಿದ್ದರೆ ಸಾವಿರ ಪಟ್ಟು ಕಡಿಮೆ. ಪಾಸ್ಕಲ್ಲೇ ಬೇಕಿದ್ದರೆ 5 ಲೀಟರನ್ನು 0.005 ಘನ ಮೀಟರ್ ಮಾಡಿ ಹಾಕಿ, 1,24,710 ಬರುತ್ತದೆ.

ಹಾಗಾಗಿ ಆರ್ ಆಯ್ಕೆ ಮಾಡುವಾಗ ಪ್ರಶ್ನೆಯಲ್ಲಿರುವ ಒತ್ತಡದ ಯೂನಿಟ್ ನೋಡಿ. ಅಟ್ಮಾಸ್ಫಿಯರ್ ಮತ್ತು ಲೀಟರ್ ಇದ್ದರೆ 0.0821. ಬಾರ್ ಮತ್ತು ಲೀಟರ್ ಇದ್ದರೆ 0.0831. ಪಾಸ್ಕಲ್ ಮತ್ತು ಘನ ಮೀಟರ್ ಇದ್ದರೆ 8.314. ದ್ವಿತೀಯ ಪಿಯುಸಿಯ ದ್ರಾವಣಗಳ ಪಾಠದಲ್ಲಿ ಆಸ್ಮಾಟಿಕ್ ಒತ್ತಡಕ್ಕೂ ಇದೇ ಆರ್ ಬರುತ್ತದೆ, ಇದೇ ತಪ್ಪೂ ಜತೆಗೇ ಬರುತ್ತದೆ.

ಅನುಪಾತ 760 ಬಂದರೆ ಪಾದರಸದ ಮಿಲಿಮೀಟರ್ ಲೆಕ್ಕವನ್ನು 0.0821ರ ಜತೆ ಹಾಗೇ ಹಾಕಿದ್ದೀರಿ. 1000 ಬಂದರೆ ಮಿಲಿಲೀಟರ್. ಇವೆರಡರಲ್ಲಿ ಹೆಚ್ಚು ಹೇಳುವುದಿಲ್ಲ. 1.013 ಮಾತ್ರ ಸ್ವಲ್ಪ ಕಾಡುತ್ತದೆ, ಯಾಕೆಂದರೆ ಇಷ್ಟು ಸಣ್ಣ ವ್ಯತ್ಯಾಸವನ್ನು ಮಕ್ಕಳು "ಪಾಯಿಂಟ್ ಹೆಚ್ಚುಕಡಿಮೆ ಆಗಿರಬೇಕು" ಅಂತ ಬಿಟ್ಟುಬಿಡುತ್ತಾರೆ. ಒಂದು ಅಟ್ಮಾಸ್ಫಿಯರ್ ಎಂದರೆ 1.01325 ಬಾರ್. ಎಸ್‌ಟಿಪಿಯಲ್ಲಿ, ಅಂದರೆ ಪ್ರಮಾಣಿತ ತಾಪಮಾನ ಮತ್ತು ಒತ್ತಡದಲ್ಲಿ, ಒಂದು ಮೋಲ್ ಅನಿಲಕ್ಕೆ 22.4 ಲೀಟರೋ 22.7 ಲೀಟರೋ ಅನ್ನುವ ಜಗಳವೂ ಇದೇ. 0 ಡಿಗ್ರಿ ಮತ್ತು 1 ಅಟ್ಮಾಸ್ಫಿಯರ್ ಇದ್ದಾಗ 22.4. 1982ರಲ್ಲಿ ಐಯುಪಿಎಸಿ ಅನ್ನುವ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಸಂಸ್ಥೆ ಒತ್ತಡವನ್ನು 1 ಬಾರ್‌ಗೆ ಬದಲಿಸಿತು, ಆಗ 22.7. ಹಳೇ ಲೆಕ್ಕಗಳು 22.4ರಲ್ಲೇ ಇವೆ. ಪ್ರಶ್ನೆಯಲ್ಲಿ ಒತ್ತಡ ಕೊಟ್ಟಿದ್ದರೆ ಅದನ್ನು ನಂಬಿ, ಎಸ್‌ಟಿಪಿ ಅನ್ನುವ ಮೂರು ಅಕ್ಷರವನ್ನಲ್ಲ.

ಎರಡು ಪಟ್ಟು, ತೊಂಬತ್ತು ಸಾವಿರ ಪಟ್ಟು

ಅನುಪಾತ ಸರಿಯಾಗಿ 2 ಅಥವಾ ಅರ್ಧ ಬಂದರೆ ಅಣುವಿನ ತೂಕದ ಜಾಗದಲ್ಲಿ ಪರಮಾಣುವಿನದ್ದು ಬಂದಿದೆ: ಆಕ್ಸಿಜನ್ನಿಗೆ 32ರ ಬದಲು 16, ನೈಟ್ರೋಜನ್ನಿಗೆ 28ರ ಬದಲು 14, ಕ್ಲೋರಿನ್ನಿಗೆ 71ರ ಬದಲು 35.5 ಹಾಕಿದ್ದೀರಿ. ಹೀಲಿಯಂ, ನಿಯಾನ್, ಆರ್ಗಾನ್ ಒಂಟಿ ಪರಮಾಣುಗಳು, ಅವನ್ನು ಎರಡರಿಂದ ಗುಣಿಸಿದರೂ ಇದೇ ಗುರುತು ಸಿಗುತ್ತದೆ.

ಉತ್ತರ ಲಕ್ಷದ ಹತ್ತಿರದ ಪಟ್ಟಿನಲ್ಲಿ ತಪ್ಪಿದ್ದರೆ ಸಾದಾ ಕ್ಯಾಲ್ಕುಲೇಟರ್ ನೋಡಿ. 1 ಅಟ್ಮಾಸ್ಫಿಯರ್, 5 ಲೀಟರ್, 300 ಕೆಲ್ವಿನ್. ಎನ್ = 5 ÷ (0.0821 × 300) = 0.203 ಮೋಲ್. ಇದನ್ನು 5 ÷ 0.0821 × 300 ಎಂದು ಒತ್ತಿದರೆ ಸುಮಾರು 18,270 ಬರುತ್ತದೆ. ಕ್ಯಾಲ್ಕುಲೇಟರ್ ಮೊದಲು ಭಾಗಿಸಿ ಆಮೇಲೆ 300ರಿಂದ ಗುಣಿಸಿತು. ಕೆಳಗಿರಬೇಕಾದ 300 ಮೇಲೆ ಹೋಯಿತು, ತಪ್ಪು 300 × 300, ಅಂದರೆ 90,000 ಪಟ್ಟು. 5 ÷ 0.0821 ÷ 300 ಎಂದು ಒತ್ತಿದರೆ ಸರಿ. 5 ಲೀಟರ್ ಪಾತ್ರೆಯಲ್ಲಿ ಹದಿನೆಂಟು ಸಾವಿರ ಮೋಲ್ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುವವರನ್ನು ಕಂಡರೆ ನನಗೆ ಲೆಕ್ಕಕ್ಕಿಂತ ಅವರ ಅವಸರದ ಚಿಂತೆ ಹತ್ತುತ್ತದೆ.

ನೂರಕ್ಕೆ ನಾಲ್ಕು, ನೂರಕ್ಕೆ ಹತ್ತು: ನೀರಿನ ಆವಿ ಮತ್ತು ನಮ್ಮೂರಿನ ಒತ್ತಡ

ಇದು ಹಿಡಿಯಲು ಕಷ್ಟವಾದ ತಪ್ಪು. ಅದಕ್ಕೇ ನನಗೆ ಇಷ್ಟ. ಅನುಪಾತ 1.03, 1.04 ಹೀಗೆ ಬರುತ್ತದೆ. ಪ್ರಶ್ನೆಯಲ್ಲಿ "ನೀರಿನ ಮೇಲೆ ಸಂಗ್ರಹಿಸಲಾಯಿತು" ಅಂತ ಇದೆಯಾ ನೋಡಿ. ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಿನ ಆವಿಯೂ ಸೇರಿಕೊಂಡಿರುತ್ತದೆ. ಬಾರೋಮೀಟರ್ ತೋರಿಸುವುದು ಇಬ್ಬರ ಒತ್ತಡ ಕೂಡಿ. ಆವಿಯ ಪಾಲನ್ನು ಕಳೆದರೆ ಉಳಿಯುವುದು ಒಣ ಅನಿಲದ ಒತ್ತಡ. 27 ಡಿಗ್ರಿಯಲ್ಲಿ ಆ ಪಾಲು ಸುಮಾರು 26.7 ಮಿಲಿಮೀಟರ್ ಪಾದರಸ.

ಇಲ್ಲೊಂದು ಊರಿನ ವಿಷಯ ಸೇರುತ್ತದೆ. "ವಾತಾವರಣದ ಒತ್ತಡ" ಎಂದ ಕೂಡಲೇ ಮಕ್ಕಳು 760 ಬರೆಯುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬಾರೋಮೀಟರ್ ಸುಮಾರು 720 ಮಿಲಿಮೀಟರ್ ತೋರಿಸುತ್ತದೆ. ಬೀದರ್ ಸುಮಾರು 700 ಮೀಟರ್ ಎತ್ತರ, ಅಲ್ಲಿ ಇನ್ನೂ ಕಡಿಮೆ, 700 ಮಿಲಿಮೀಟರ್ ಆಸುಪಾಸು. ಪುಸ್ತಕದ ಲೆಕ್ಕದಲ್ಲಿ ಪುಸ್ತಕ ಕೊಟ್ಟದ್ದನ್ನೇ ಹಾಕಿ. ಲ್ಯಾಬ್‌ನಲ್ಲಿ ನೀವೇ ಅಳೆದ ಅನಿಲಕ್ಕೆ ಮಾತ್ರ 760 ಹಾಕಬೇಡಿ.

ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದನ್ನು ಒಂದು ಡ್ಯೂಮಾ ಲೆಕ್ಕದಲ್ಲಿ, ಅಂದರೆ ಸಾವಯವ ವಸ್ತುವಿನಲ್ಲಿ ನೈಟ್ರೋಜನ್ ಎಷ್ಟಿದೆ ಎಂದು ಕಂಡುಹಿಡಿಯುವ ಲೆಕ್ಕದಲ್ಲಿ, ನೋಡೋಣ. 0.25 ಗ್ರಾಂ ಸಾವಯವ ವಸ್ತುವಿನಿಂದ 27 ಡಿಗ್ರಿಯಲ್ಲಿ, 720 ಮಿಲಿಮೀಟರ್ ಒತ್ತಡದಲ್ಲಿ, ನೀರಿನ ಮೇಲೆ 50 ಮಿಲಿಲೀಟರ್ ನೈಟ್ರೋಜನ್ ಸಿಕ್ಕಿತು. ಒಣ ನೈಟ್ರೋಜನ್ನಿನ ಒತ್ತಡ 720 − 26.7 = 693.3. ಇದನ್ನು 273 ಕೆಲ್ವಿನ್, 760 ಮಿಲಿಮೀಟರ್‌ಗೆ ತಂದರೆ

50 × (693.3 ÷ 760) × (273 ÷ 300) = 41.5 ಮಿಲಿಲೀಟರ್

22,400 ಮಿಲಿಲೀಟರಿಗೆ 28 ಗ್ರಾಂ ಲೆಕ್ಕದಲ್ಲಿ ನೈಟ್ರೋಜನ್ ಶೇಕಡಾ 20.75. ಆವಿ ಕಳೆಯುವುದನ್ನು ಮರೆತರೆ ಶೇಕಡಾ 21.55. ಆವಿಯನ್ನೂ ಮರೆತು 720ರ ಜಾಗದಲ್ಲಿ 760 ಹಾಕಿದರೆ ಶೇಕಡಾ 22.75. ಮೂರೂ ನೋಡಲು ನಂಬುವಂತೆಯೇ ಇವೆ. ಬಲೂನಿನ 3.11 ಹಾಗೆ ಇವು ಕೂಗಿ ಹೇಳುವುದಿಲ್ಲ. ಇಂಥಲ್ಲಿ ಪ್ರಶ್ನೆಯನ್ನು ಮತ್ತೆ ಓದುವುದೇ ದಾರಿ.

ಟೈರಿನ ಹವಾ

ಪಂಕ್ಚರ್ ಅಂಗಡಿಯಲ್ಲಿ "ಹವಾ ಎಷ್ಟು ಹಾಕ್ಲಿ?" ಅಂದರೆ ನಾವು 30 ಅನ್ನುತ್ತೇವೆ. ಆ 30 ಪಿಎಸ್‌ಐ ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವ ಲೆಕ್ಕ. ಒಳಗಿನ ಪೂರ್ತಿ ಒತ್ತಡ ಬೇಕಾದರೆ ಹೊರಗಿನದ್ದನ್ನು, ಸಮುದ್ರ ಮಟ್ಟದ ಲೆಕ್ಕಕ್ಕೆ 14.7ನ್ನು, ಕೂಡಿಸಬೇಕು.

27 ಡಿಗ್ರಿಯಲ್ಲಿ 30 ಹವಾ ಹಾಕಿಸಿ ಹುಮನಾಬಾದ್ ದಾರಿ ಹಿಡಿದಿರಿ. ಟೈರ್ ಕಾದು 57 ಡಿಗ್ರಿ ಆಯಿತು. ಟೈರಿನ ಗಾತ್ರ ಬದಲಾಗಿಲ್ಲ ಅಂದುಕೊಳ್ಳೋಣ. 30 × 330 ÷ 300 = 33 ಎಂದು ಬರೆದರೆ ತಪ್ಪು. 44.7 × 330 ÷ 300 = 49.2, ಅದರಲ್ಲಿ 14.7 ಕಳೆದರೆ ಗೇಜ್ ತೋರಿಸುವುದು ಸುಮಾರು 34.5.

ಇದೂ ಸೆಲ್ಸಿಯಸ್ ತಪ್ಪೂ ಒಂದೇ ಜಾತಿ. ಬಾರ್, ಪಿಎಸ್‌ಐ, ಪಾದರಸದ ಮಿಲಿಮೀಟರ್ ಇವೆಲ್ಲ ನಿಜವಾದ ಸೊನ್ನೆಯಿಂದ ಎಣಿಸಿದ್ದರೆ ಅನುಪಾತದ ಲೆಕ್ಕದಲ್ಲಿ ಯಾವ ಯೂನಿಟ್ ಇದ್ದರೂ ನಡೆಯುತ್ತದೆ, ಎರಡೂ ಕಡೆ ಒಂದೇ ಇದ್ದರಾಯಿತು. ಸೆಲ್ಸಿಯಸ್ಸಿನ ಸೊನ್ನೆ, ಗೇಜಿನ ಸೊನ್ನೆ ಎರಡೂ ನಿಜವಾದ ಸೊನ್ನೆ ಅಲ್ಲ. ಸೊನ್ನೆ ಸರಿದಿರುವ ಕಡೆ ಮೊದಲು ಕೂಡಿಸಿ, ಆಮೇಲೆ ಭಾಗಿಸಿ.

ಎನ್ ಬದಲಾದದ್ದು ಗೊತ್ತೇ ಆಗಲಿಲ್ಲ

ಬಾಯಿ ತೆರೆದ ಪಾತ್ರೆಯನ್ನು 27 ಡಿಗ್ರಿಯಿಂದ 477 ಡಿಗ್ರಿಗೆ ಕಾಯಿಸಿದರೆ ಎಷ್ಟು ಪಾಲು ಗಾಳಿ ಹೊರಗೆ ಹೋಗುತ್ತದೆ? ಇಲ್ಲಿ ಪಿಯೂ ಬದಲಾಗಲ್ಲ, ವಿಯೂ ಬದಲಾಗಲ್ಲ. ಹಾಗಾದರೆ ಎನ್1 × ಟಿ1 = ಎನ್2 × ಟಿ2. ಉಳಿಯುವುದು 300 ÷ 750 = 0.4 ಪಾಲು, ಹೋಗುವುದು 0.6. ನಿಮ್ಮ ಉತ್ತರ, ಕೀ ಉತ್ತರ ಕೂಡಿದರೆ ಸರಿಯಾಗಿ 1 ಬಂತೇ? ಹೋದದ್ದನ್ನು ಕೇಳಿದರೆ ಉಳಿದದ್ದನ್ನು ಬರೆದಿದ್ದೀರಿ. ನಿಮ್ಮ ಉತ್ತರವೇ 1.5 ಬಂದಿದ್ದರೆ ಪಾತ್ರೆಯ ಗಾಳಿಯೆಲ್ಲ ಹಿಗ್ಗಿ ಹೊರಬಂದ ಗಾತ್ರವನ್ನು ಮೊದಲಿನ ಗಾತ್ರದಿಂದ ಭಾಗಿಸಿದ್ದೀರಿ. ಒಂದಕ್ಕಿಂತ ಹೆಚ್ಚು ಪಾಲು ಹೊರಗೆ ಹೋಗಲು ಸಾಧ್ಯವೇ ಇಲ್ಲ ಅಲ್ವಾ?

ಜಾತ್ರೆಯ ಬಲೂನಿನವನ ಸಿಲಿಂಡರ್ ಲೆಕ್ಕವೂ ಇದೇ ಗುಂಪು. 10 ಲೀಟರ್ ಸಿಲಿಂಡರಿನಲ್ಲಿ 50 ಅಟ್ಮಾಸ್ಫಿಯರ್ ಒತ್ತಡದಲ್ಲಿ ಹೀಲಿಯಂ. ಬಲೂನು ಒಂದಕ್ಕೆ 1 ಅಟ್ಮಾಸ್ಫಿಯರಿನಲ್ಲಿ 2.5 ಲೀಟರ್. 500 ÷ 2.5 = 200 ಬಲೂನು ಎಂದು ಎಲ್ಲರೂ ಬರೆಯುತ್ತಾರೆ. ಸಿಲಿಂಡರಿನ ಒತ್ತಡ 1 ಅಟ್ಮಾಸ್ಫಿಯರಿಗೆ ಇಳಿದ ಮೇಲೆ ಅನಿಲ ತಾನಾಗಿ ಹೊರಗೆ ಬರುವುದಿಲ್ಲ. 10 ಲೀಟರ್ ಒಳಗೇ ಉಳಿಯುತ್ತದೆ. 490 ÷ 2.5 = 196. ಉತ್ತರ ಜಾಸ್ತಿ ಬಂದು, ಆ ಹೆಚ್ಚು ಸಿಲಿಂಡರಿನ ಗಾತ್ರ ಭಾಗಿಸು ಬಲೂನಿನ ಗಾತ್ರಕ್ಕೆ ಸಮ ಇದ್ದರೆ, ಇಲ್ಲಿ 4, ಇದೇ ತಪ್ಪು.

ಯಾವ ಗುರುತೂ ಹೊಂದದಿದ್ದರೆ

ಕೀ ಉತ್ತರದ ಮೇಲೆ ಅನುಮಾನ ಪಡಿ, ತಪ್ಪೇನಿಲ್ಲ. ಗೈಡುಗಳಲ್ಲಿ ಅಚ್ಚಿನ ತಪ್ಪು ಇರುತ್ತವೆ. ಕೀ ಉತ್ತರವನ್ನು ಸಮೀಕರಣಕ್ಕೆ ಹಾಕಿ ಹಿಂದಕ್ಕೆ ಲೆಕ್ಕ ಮಾಡಿ. ಪ್ರಶ್ನೆಯಲ್ಲಿ ಕೊಟ್ಟ ಒತ್ತಡವೋ ತಾಪಮಾನವೋ ಮರಳಿ ಬರದಿದ್ದರೆ ತಪ್ಪು ನಿಮ್ಮದಲ್ಲ. 273ರ ಬದಲು 273.15 ಹಾಕಿದ್ದಕ್ಕೆ ಮೂರನೇ ಅಂಕಿಯಲ್ಲಿ ಒಂದು ಹೆಚ್ಚುಕಡಿಮೆ ಆದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಲೆಕ್ಕ ಸರಿ ಇದ್ದೂ ನಿಯಮವೇ ಹೊಂದದ ಜಾಗ ಒಂದಿದೆ, ಅದು ಅಡಿಗೆ ಮನೆಯಲ್ಲೇ ಇದೆ. ಚುರುಕಿನ ಹುಡುಗರು 14.2 ಕೆಜಿ ಎಲ್‌ಪಿಜಿ ಸಿಲಿಂಡರಿನ ಒತ್ತಡವನ್ನು ತಾವೇ ಲೆಕ್ಕ ಹಾಕಿ ತರುತ್ತಾರೆ. ಪೂರ್ತಿ ಬ್ಯೂಟೇನ್ ಎಂದುಕೊಂಡರೆ 14,200 ÷ 58, ಸುಮಾರು 245 ಮೋಲ್. ಸಿಲಿಂಡರಿನ ಒಳಗಾತ್ರ 33.3 ಲೀಟರ್. 300 ಕೆಲ್ವಿನ್‌ನಲ್ಲಿ ಉತ್ತರ ಸುಮಾರು 180 ಅಟ್ಮಾಸ್ಫಿಯರ್. ಆ ತಾಪಮಾನದಲ್ಲಿ ನಿಜವಾದ ಒತ್ತಡ 10 ಅಟ್ಮಾಸ್ಫಿಯರನ್ನೂ ಮುಟ್ಟುವುದಿಲ್ಲ. ಒಳಗಿರುವುದು ಬಹುಪಾಲು ದ್ರವ, ಮೇಲೆ ಸ್ವಲ್ಪ ಆವಿ ಅಷ್ಟೇ. ಪಿವಿ = ಎನ್ಆರ್‌ಟಿ ಹೊಂದುವುದು ಆ ಆವಿಗೆ, ಅದೂ ಸುಮಾರಾಗಿ. ಆವಿ ಖರ್ಚಾದಷ್ಟು ದ್ರವ ಕುದಿದು ಆವಿಯಾಗುತ್ತದೆ. ಹಾಗಾಗಿ ತಾಪಮಾನ ಬದಲಾಗದಿದ್ದರೆ ದ್ರವ ಮುಗಿಯುವ ತನಕ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗ್ಯಾಸ್ ಎಷ್ಟು ಉಳಿದಿದೆ ಅನ್ನುವುದಕ್ಕೆ ಅಲ್ಲಿ ಒತ್ತಡದ ಲೆಕ್ಕ ನಡೆಯುವುದಿಲ್ಲ, ಸಿಲಿಂಡರನ್ನು ತೂಗಿ ನೋಡಬೇಕು.